ಸೋರೆಬುರುಡೆ ತುರುಕಿದ ಟ್ರಂಪೆಟ್

ನಮ್ಮವರು ತೀರಿಹೋಗಿ ನಾಲ್ಕು ತಿಂಗಳಾಯಿತು. ಗೋಕಾಕದ ಬ್ಯಾಂಡ್ ಕಂಪನಿಯಲ್ಲಿ ಇಪ್ಪತ್ತೆರಡು ವರ್ಷ ಟ್ರಂಪೆಟ್ ಊದಿದವರು. ಬೇರೆ ಕೆಲಸ ಬರುತ್ತಿರಲಿಲ್ಲ. ಕಲಿಯಲೂ ಇಲ್ಲ.

ಹೋದ ವರ್ಷ ಕಂಪನಿ ಮಾಲಕ ಸದಾಶಿವ ಮನೆಗೇ ಬಂದ. “ಯಲ್ಲಾರಿ, ಹುಕ್ಕೇರಿ ಮದುವಿಗೆ ಮೂರು ಹೊಸಾ ಹಾಡು ಬೇಕು. ಬರಲಿಲ್ಲಂದ್ರ ನೀ ಲೈಟ್ ಹೊರಾವ.”

ಮೆರವಣಿಗೆಯಲ್ಲಿ ಲೈಟ್ ಹೊತ್ತರೆ ಊದುವವನ ಮರ್ಯಾದೆ ಹೋದಂತೆ. ಇವರು ಅಂದೇ ಕಲಿಯಲು ಕುಳಿತರು.

ನಮ್ಮೂರು ನಾಗನೂರದಲ್ಲಿ ನಮ್ಮ ಗೋಡೆಯಾಚೆ ಲಕ್ಕವ್ವನ ಎಮ್ಮೆ. ಅದರ ಕರು ಸತ್ತಿತ್ತು. ಮೊದಲೇ ಹಾಲು ಕೊಡಲು ಸತಾಯಿಸುತ್ತಿತ್ತು. ಟ್ರಂಪೆಟ್ ಕೇಳಿ ಹಾಲು ಪೂರ್ತಿ ಮೇಲಕ್ಕೆ ಏರಿಸಿಕೊಂಡಿತು, ಹನಿಯೂ ಇಳಿಯಲಿಲ್ಲ. ಲಕ್ಕವ್ವ ಖಾಲಿ ಚರಿಗೆ ಹಿಡಿದು ಬಾಗಿಲಿಗೆ ಬಂದಳು.

“ಹೊಲಕ್ಕ ಹೋಗಿ ಊದೋ ಯಲ್ಲಾರಿ.”

“ಹೊಲ ಎಲ್ಲೈತಿ ಅಕ್ಕಾ ನಂದು?”

“ಹಂಗಾರ ಬಾಯಿ ಮುಚ್ಚು. ನಿಂದರೆ ಮುಚ್ಚು, ಆ ತುತ್ತೂರಿದರೆ ಮುಚ್ಚು.”

ಟ್ರಂಪೆಟ್ಟಿನ ಬಾಯಿ ಮುಚ್ಚುವುದೇ ಸರಿ ಎಂದು ಇವರು ನನ್ನ ಅಡುಗೆಮನೆಗೆ ಕೈ ಹಾಕಿದರು. ಸ್ಟೀಲ್ ಲೋಟ ತುರುಕಿದರು. ಗಂಟೆ ಬಾರಿಸಿದಂತಾಯಿತು. ಆ ಲೋಟದಲ್ಲೇ ಈಗ ಚಹಾ ಕುಡಿಯುತ್ತೇನೆ, ಅಂಚು ಸೊಟ್ಟಗಿದೆ. ತೆಂಗಿನ ಚಿಪ್ಪು ಇಟ್ಟರು. ಹಾರಿ ಗೋಡೆಗೆ ಬಡಿಯಿತು. ಮತ್ತೆ ಒಳಗೆ ತುರುಕಿ, ಚಿಪ್ಪಿನ ಸುತ್ತ ಜೋಳದ ಹಿಟ್ಟು ಮೆತ್ತಿ ಬಿಸಿಲಿಗಿಟ್ಟರು. ಒಣಗಿ ಕಲ್ಲಾಯಿತು. ಗಾಳಿಯೂ ಹೊರಗೆ ಬರಲಿಲ್ಲ, ಚಿಪ್ಪೂ ಬರಲಿಲ್ಲ. ಕಡುಬು ಬೇಯಿಸುವಂತೆ ಟ್ರಂಪೆಟ್ ಹಬೆಗೆ ಹಿಡಿದು ನಾನೇ ಬಿಡಿಸಿದೆ.

“ಬೆಂದೈತೇನ ನೋಡ,” ಎಂದರು.

ಕಡೆಗೆ ಒಂದು ಒಣ ಸೋರೆಬುರುಡೆ ಸಿಕ್ಕಿತು. ಅದಕ್ಕೆ ಸೈಕಲ್ ಟ್ಯೂಬಿನ ಮೂರು ತುಂಡು ಅಂಟಿಸಿ, ನಡುವೆ ಗಾಳಿಗೆ ಸಂದಿ ಬಿಟ್ಟು, ಟ್ರಂಪೆಟ್ಟಿನ ಬಾಯಿಗೆ ಕೂಡಿಸಿ ಊದಿದರು. ಸಣ್ಣ ಕರು ಕರೆದಂತಾಯಿತು. ಗೋಡೆಯಾಚೆ ಎಮ್ಮೆ ತಿರುಗಿ ಕೂಗಿತು. ಲಕ್ಕವ್ವನ ಚರಿಗೆ ತುಂಬಿತು.

ಅಂದಿನಿಂದ ಎರಡೂ ಹೊತ್ತು ಅವಳೇ ಇವರನ್ನು ಕರೆಯಲು ಬರುತ್ತಿದ್ದಳು. “ಬಾರೋ, ಎಮ್ಮಿ ಕಾಯಾಕತ್ತೈತಿ.”

ಎಮ್ಮೆಗೆ ಆ ಒಂದೇ ಸ್ವರ ಬೇಕು. ಹಾಡು ಶುರು ಮಾಡಿದರೆ ಒದೆಯುತ್ತಿತ್ತು. ಹಿಂಡಿದ ಮೇಲೆ ಹಾಡು ಊದಿದರೆ ಮುಂದಿನ ಹೊತ್ತಿಗೆ ಹಾಲು ಏರಿಸಿಕೊಳ್ಳುತ್ತಿತ್ತು.

“ಹಾಡು ಯಾವಾಗ ಕಲೀತೀರಿ?” ಎಂದೆ.

“ಅದರ ಕರು ಹೋಗೇತಿ. ಹಾಡಿಗೇನ ಅವಸರ.”

ಹುಕ್ಕೇರಿ ಮದುವೆಗೆ ನಾನೂ ಹೋದೆ. ಹಗಲು ಹನ್ನೊಂದಕ್ಕೆ ಮೆರವಣಿಗೆ. ಹೊರಡುವ ಮೊದಲು ಸದಾಶಿವ ಊದಿಸಿ ನೋಡಿದ. ಮೂರರಲ್ಲಿ ಒಂದೂ ಬರಲಿಲ್ಲ. ಇವರ ಕೈಗೆ ಲೈಟ್ ಕೊಟ್ಟ.

“ಬಿಸಲ ಐತೆಲ್ಲರಿ ಸಾವ್ಕಾರ?”

“ಮಾತಂದ್ರ ಮಾತು. ಹೊರು.”

ಹೊತ್ತರು. ಉರಿಬಿಸಿಲಲ್ಲಿ ತಲೆ ಮೇಲೆ ಹಚ್ಚಿದ ಲೈಟು. ನಾನು ಮುಖಕ್ಕೆ ಸೆರಗು ಹಿಡಿದು ಬಾಜೂಕೆ ನಡೆದೆ. ನಾಚಿಕೆಯಾಗಿದೆ ಪಾಪ ಎಂದುಕೊಂಡರು ಜನ. ನನಗೆ ನಗು ತಡೆಯಲಾಗುತ್ತಿರಲಿಲ್ಲ. ಅದು ಇವರಿಗೊಬ್ಬರಿಗೇ ಗೊತ್ತಾಯಿತು. ತಾವೂ ನಕ್ಕರು. ಲೈಟು ಅಲುಗಾಡಿತು, ಸದಾಶಿವ ಬೈದ. ಇನ್ನೂ ನಕ್ಕರು.