ಎಡಗೈ ಇರುವಲ್ಲಿ ಬಲಗೈ ಎಂದು ಓದಿಕೊಳ್ಳಿ

"ಸಾರ್, ನಮ್ಮ ಹೋಟ್ಲಾಗೆ ಎಡಗೈಲೆ ದೋಸೆ ತಿನ್ನೋರು ಯಾರ್ರೀ?"

ಬೆಳಿಗ್ಗೆ ಏಳೂವರೆಗೆ ಫೋನು. ಆ ಕಡೆ ಕೊಟ್ರಪ್ಪ. ಪಿ.ಜೆ. ಬಡಾವಣೆಯಲ್ಲಿ ಬೆಣ್ಣೆ ದೋಸೆ ಹೋಟೆಲು ಇಟ್ಟುಕೊಂಡಿರುವವರು. ದನಿಯಲ್ಲಿ ಸಿಟ್ಟಿರಲಿಲ್ಲ, ನೋವಿತ್ತು. ಸಿಟ್ಟಾಗಿದ್ದರೆ ಹೇಗೋ ಸಂಭಾಳಿಸುತ್ತಿದ್ದೆ. ದೋಸೆ ಹುಯ್ಯುವವರಿಗೆ ನೋವಾದರೆ ಏನು ಮಾಡುವುದು?

"ಯಾರೂ ಇಲ್ಲವಲ್ಲ ಕೊಟ್ರಪ್ಪನವರೇ," ಅಂದೆ.

"ಮತ್ತೆ ನಿಮ್ಮ ಬುಕ್ಕಿನಾಗೆ ಎಲ್ಲಾರೂ ಎಡಗೈಲೆ ತಿಂತಾ ಅದಾರಲ್ರೀ! ಹನ್ನೆರಡು ಮಂದಿ ಕುಂತಾರೆ, ಹನ್ನೆರಡು ಮಂದೀನೂ ಎಡಗೈ. ನಮ್ಮನೇರು ನೋಡಿ, ಬಲಗೈಲೆ ಮುಟ್ಟಂಗಿಲ್ಲೇನು ನಿಮ್ಮ ದೋಸೆ ಅಂತ ನಗ್ತಾರೆ. ನಾನೇನು ಮಾಡಿದ್ದೆ ರೀ ನಿಮಗೆ?"

ಫೋನಿಟ್ಟು ಪುಸ್ತಕ ತೆಗೆದೆ. ಮೂವತ್ತೊಂದನೇ ಪುಟ. ಕೊಟ್ರಪ್ಪನ ಹೋಟೆಲು. ಹೌದು, ಹನ್ನೆರಡು ಎಡಗೈ. ಹಾಳೆ ತಿರುಗಿಸಿದೆ. ಬಸ್ಸಿನ ಕಂಡಕ್ಟರ್ ಎಡಗೈಯಲ್ಲಿ ಟಿಕೆಟ್ ಕೊಡುತ್ತಿದ್ದಾನೆ. ಮತ್ತೆ ತಿರುಗಿಸಿದೆ. ಮದುವೆ ಊಟದ ಪಂಕ್ತಿ. ಪಂಕ್ತಿಗೆ ಪಂಕ್ತಿಯೇ ಎಡಗೈಯಲ್ಲಿ ಪಾಯಸ ಸುರಿಯುತ್ತಿದೆ!

ಈ ಅಂಕಣದ ಹೊಸ ಓದುಗರಿಗಾಗಿ ಒಂದು ಮಾತು. (ಹಳಬರು ಈ ಪ್ಯಾರಾ ಹಾರಿಸಿ ಮುಂದೆ ಹೋಗಿ. ಎಷ್ಟು ವಾರದಿಂದ ಇದನ್ನೇ ಕೊರೆಯುತ್ತಿದ್ದೇನೆ ಎಂದು ನನಗೂ ಗೊತ್ತು.) ಎರಡು ವರ್ಷ ಭಾನುವಾರಗಳನ್ನೆಲ್ಲ ಸುರಿದು ನಾನೊಂದು ಚಿತ್ರಕಾದಂಬರಿ ಮಾಡಿದ್ದೇನೆ. ಹೆಸರು 'ಹದಿನಾಲ್ಕು ಕಿಲೋಮೀಟರ್'. ದಾವಣಗೆರೆಯಿಂದ ಹರಿಹರಕ್ಕೆ ದಿನಾ ಬಸ್ಸಿನಲ್ಲಿ ಹೋಗಿ ಬರುವ ಒಬ್ಬ ಗುಮಾಸ್ತನ ಕಥೆ. ತೊಂಬತ್ತಾರು ಪುಟ, ಪೂರ್ತಿ ಚಿತ್ರದಲ್ಲೇ. ಮಾತು ಬೇಕಾದಲ್ಲಿ ಬಾಯಿಯ ಪಕ್ಕ ಒಂದು ಗುಳ್ಳೆ.

ಚಿತ್ರಕಾದಂಬರಿ ಅಂದರೆ ಏನು ಎಂದು ವಿವರಿಸುವುದರಲ್ಲೇ ನನ್ನ ಅರ್ಧ ಆಯುಷ್ಯ ಕಳೆಯಿತು. "ಚಿತ್ರಕಾದಂಬರಿ ಬಿಡುಗಡೆ ಐತೆ ಬರ್ರಿ" ಎಂದು ಕರೆದರೆ "ಯಾವ ಟಾಕೀಸು? ಹೀರೋ ಯಾರು?" ಅಂತ ಕೇಳಿದವರಿದ್ದಾರೆ. ದೇವರಾಜ ಅರಸು ಬಡಾವಣೆಯ ನಮ್ಮ ನೆರೆಮನೆಯವರು ಒಂದು ಪ್ರತಿ ಕೊಂಡು, "ಮೊಮ್ಮಗ ಬಣ್ಣ ತುಂಬ್ತಾನೆ, ಬಿಡ್ರಿ" ಎಂದು ಸಮಾಧಾನ ಹೇಳಿದರು. ಆದರೂ ಜನ ಕೊಂಡರು. ಪ್ರಕಾಶಕ ಶೇಖರಪ್ಪನ ಮುಖದಲ್ಲಿ ಮೊದಲ ಬಾರಿಗೆ ಹಲ್ಲು ಕಂಡೆ.

ಸರಿ, ಈ ಎಡಗೈ ಎಲ್ಲಿಂದ ಬಂತು? ನಾನೇನು ಎಡಚನಲ್ಲ. ಕಾಗದ ಪೆನ್ಸಿಲ್ ಹಿಡಿದು ಯೋಚಿಸುತ್ತಾ ಕೂತೆ. ಎದುರಿಗೇ ನಮ್ಮ ಬೀರು ಇತ್ತು. ಬೀರುವಿನ ಬಾಗಿಲಲ್ಲಿ ಕನ್ನಡಿ ಇತ್ತು.

ಅಯ್ಯೋ ದೇವರೇ.

ಎರಡು ವರ್ಷ ನನಗೆ ಮಾಡೆಲ್ ಆಗಿದ್ದವನು ನಾನೇ. ತುತ್ತು ಎತ್ತುವುದು, ಟಿಕೆಟ್ ಕೊಡುವುದು, ಕಣ್ಣೊರೆಸುವುದು, ಎಲ್ಲವನ್ನೂ ಕನ್ನಡಿಯೆದುರು ಮಾಡಿ, ಕಂಡದ್ದನ್ನು ಕಂಡಹಾಗೇ ಬರೆದೆ. ಹೆಂಗಸರ ಚಿತ್ರಕ್ಕೂ ನಾನೇ! (ಮೀಸೆ ತೆಗೆದು ಬರೆಯುತ್ತಿದ್ದೆ. ಕಾಗದದಲ್ಲಿ, ಮುಖದಲ್ಲಲ್ಲ.) "ಒಂದು ತುತ್ತಿಗೆ ಹತ್ತು ಸಲ ಕನ್ನಡಿ ನೋಡ್ಕೋತೀರಿ, ಈ ವಯಸ್ಸಿನಾಗೆ ಬ್ಯಾಡ್ರಿ" ಎಂದು ಹೆಂಡತಿ ಸುಮಂಗಲ ಆಗಲೇ ಹೇಳಿದ್ದಳು. ಕೇಳಬೇಕಿತ್ತು. ಕನ್ನಡಿಯೊಳಗಿನವನು ಉಣ್ಣುವುದು ಎಡಗೈಯಲ್ಲಿ ಎಂಬುದು ನನಗೆ ಹೊಳೆಯಲೇ ಇಲ್ಲ. ಶೇಖರಪ್ಪನಿಗೂ ಹೊಳೆಯಲಿಲ್ಲ, ಪ್ರೆಸ್ಸಿನವರಿಗೂ ಹೊಳೆಯಲಿಲ್ಲ.

ಓದುಗರಿಗೆ ಹೊಳೆಯಿತು ನೋಡಿ. ಮಾಯಕೊಂಡದಿಂದ ಒಬ್ಬ ತಾಯಿ ಕಾರ್ಡು ಬರೆದರು: "ಐವತ್ತೆರಡನೇ ಪುಟದಲ್ಲಿ ನಿಮ್ಮ ನಾಯಕಿ ಮುತ್ತೈದೆಗೆ ಎಡಗೈಯಲ್ಲಿ ಕುಂಕುಮ ಕೊಡುತ್ತಾಳೆ. ಇಂಥವಳ ಸಂಸಾರ ಹೇಗೆ ನೆಟ್ಟಗಾದೀತು?" ನ್ಯಾಯವಾದ ಪ್ರಶ್ನೆ. (ಕಾದಂಬರಿಯಲ್ಲಿ ನೆಟ್ಟಗಾಗುವುದೂ ಇಲ್ಲ. ಆದರೆ ಕಾರಣ ಬೇರೆ.)

ಮುಂದಿನ ಭಾನುವಾರ ಹರಿಹರದಲ್ಲಿ ಕಾರ್ಯಕ್ರಮ. ಅಲ್ಲಿನ ಮಹಿಳಾ ಸಮಾಜದವರು 'ಓದುಗರೊಂದಿಗೆ ಮಾತುಕತೆ' ಇಟ್ಟುಕೊಂಡಿದ್ದರು. ಅಷ್ಟರೊಳಗೆ ಏನಾದರೂ ಮಾಡಬೇಕಲ್ಲ? ಶೇಖರಪ್ಪ ತಲೆ ಕೆರೆದುಕೊಂಡು ಹೇಳಿದ: "ಚಿಂತಿ ಬ್ಯಾಡ್ರಿ. ತಪ್ಪು-ಒಪ್ಪು ಚೀಟಿ ಹಾಕೋಣ."

ಎರಡು ದಿನದಲ್ಲಿ ಚೀಟಿ ಬಂತು. ಅಂಗೈ ಅಗಲದ ಹಳದಿ ಕಾಗದ. ಅದರಲ್ಲಿ ಹೀಗಿತ್ತು: "ಓದುಗರು ಈ ಪುಸ್ತಕದ ಚಿತ್ರಗಳಲ್ಲಿ ಎಡಗೈ ಇರುವಲ್ಲೆಲ್ಲ ಬಲಗೈ ಎಂದು ಓದಿಕೊಳ್ಳಬೇಕಾಗಿ ವಿನಂತಿ." ನಾನು ಮೂರು ಸಲ ಓದಿದೆ. ಚಿತ್ರವನ್ನು ಹಾಗೆ ಓದಿಕೊಳ್ಳುವುದು ಹೇಗೆ ಶೇಖರಪ್ಪ ಎಂದರೆ, "ಜನ ಓದ್ಕೋತಾರೆ ಬಿಡ್ರಿ, ಅಚ್ಚಾದ ಮೇಲೆ ಎಲ್ಲಾ ಓದ್ಕೋತಾರೆ" ಅಂದ.

ಭಾನುವಾರ ನಾನೂ ಶೇಖರಪ್ಪನೂ ಪುಸ್ತಕದ ಕಟ್ಟು ಹೊತ್ತು ಹರಿಹರದ ಬಸ್ಸು ಹತ್ತಿದೆವು. ಎಡಬದಿಗೆ ಕೂತಿದ್ದೆ. ಎಡ ಎನ್ನುವ ಶಬ್ದವೇ ಚುಚ್ಚುತ್ತಿತ್ತು. ನಮ್ಮ ಭಾಷೆಯೇ ನೋಡಿ. ಕೆಲಸ ಕೆಟ್ಟರೆ ಎಡವಟ್ಟು. ಯಾವುದಕ್ಕೂ ಸಲ್ಲದವನು ಎಡಬಿಡಂಗಿ. ಸಿಡುಕಿದರೆ ಎಡಮಗ್ಗುಲಲ್ಲಿ ಎದ್ದಿದ್ದಾನೆ. ಆಪ್ತನಾದರೆ ಮಾತ್ರ ಬಲಗೈ ಬಂಟ! ಬಲಕ್ಕೆ ಹೆಸರಿನಲ್ಲೇ ಬಲ. ಎಡಕ್ಕೆ ಏನಿದೆ?

ಸಭೆ ಶುರುವಾಗುವ ಮುಂಚೆ ಹಿಂದಿನ ಕೋಣೆಯಲ್ಲಿ ನನಗೆ ಚಹಾ ಕೊಟ್ಟರು. ಎರಡು ಗುಟುಕು ಕುಡಿದಿದ್ದೆ. ಇಪ್ಪತ್ತೆರಡು ಇಪ್ಪತ್ತಮೂರರ ಒಬ್ಬ ಹುಡುಗಿ ಓಡುತ್ತಲೇ ಒಳಗೆ ಬಂದಳು. ಕೊರಳಲ್ಲಿ ಹೊಸ ತಾಳಿ. ಕೈಯಲ್ಲಿ ನನ್ನ ಪುಸ್ತಕ, ಮೂಲೆ ಸವೆದದ್ದು. ಇನ್ನೊಂದು ಕೈಯಲ್ಲಿ ಹಳದಿ ಚೀಟಿ.

"ಸರ್, ನನ್ನ ಹೆಸರು ಶೈಲಾ. ಈ ಚೀಟಿ ಹೊರಗೆ ಮೇಜಿನ ಮೇಲಿನ ಬುಕ್ಕಿನಾಗಿತ್ತು. ಇದನ್ನ ಹಂಚಬ್ಯಾಡ್ರಿ ಸರ್."

"ಯಾಕಮ್ಮಾ? ತಪ್ಪಾಗಿದೆ, ತಿದ್ದಬೇಕಲ್ಲ?"

"ತಪ್ಪು ಅನ್ನಬ್ಯಾಡ್ರಿ!" ಅಂದಳು. ಅಳುತ್ತಾಳೇನೋ ಎಂದು ಹೆದರಿದೆ. ಅಳಲಿಲ್ಲ. ಬಾಗಿಲ ಕಡೆ ಒಮ್ಮೆ ನೋಡಿ ಗಡಗಡ ಹೇಳಿಬಿಟ್ಟಳು. ಅವಳು ಹುಟ್ಟಾ ಎಡಚಿ. ಮದುವೆಯಾಗಿ ಹನ್ನೊಂದು ತಿಂಗಳು. ತವರಿನಲ್ಲಿ ತಾಯಿ ಹೇಳಿ ಕಳಿಸಿದ್ದರಂತೆ, ಅತ್ತೆಯ ಮುಂದೆ ಎಡಗೈ ಎತ್ತಬೇಡ ಎಂದು. ಅಂದಿನಿಂದ ಎಲ್ಲರ ಜೊತೆ ಕೂತಾಗ ಬಲಗೈಯಲ್ಲಿ ನಾಲ್ಕು ತುತ್ತು ಉಂಡ ಹಾಗೆ ಮಾಡಿ ಎದ್ದುಬಿಡುತ್ತಾಳೆ. ಆಮೇಲೆ ಅಡುಗೆಮನೆಯಲ್ಲಿ ಬಾಗಿಲಿಗೆ ಬೆನ್ನು ಹಾಕಿ, ನಿಂತು, ಎಡಗೈಯಲ್ಲಿ ಗಬಗಬ ಉಣ್ಣುತ್ತಾಳೆ.

"ಬಲಗಾಲಿಟ್ಟು ಒಳಗೆ ಬಾ ಅಂದ್ರು, ಬಂದೆ ಸರ್. ಕೈ ಯಾವುದು ಅಂತ ಯಾರೂ ಕೇಳ್ಲಿಲ್ಲ."

ನನಗೆ ನಗು ಬಂತು. ನಗಬಾರದು ಎಂದೂ ಗೊತ್ತಾಯಿತು.

ನನ್ನ ಪುಸ್ತಕ ಅವಳ ಕೈಗೆ ಸಿಕ್ಕಿ ಹದಿನೈದು ದಿನವಾಗಿತ್ತು. ಆವತ್ತಿನಿಂದ ಅವಳದ್ದು ಒಂದೇ ಕೆಲಸ. ದಿನಕ್ಕೊಂದು ಪುಟ ತೆರೆದು ಅತ್ತೆಗೆ ತೋರಿಸುವುದು. ನೋಡ್ರಿ ಅತ್ತೆ, ದಾವಣಗೆರೆಯಾಗೆ ಹಿಂಗೆ ತಿಂತಾರಂತೆ. ಮದುವೆ ಮನೆಯಾಗೂ ಹಿಂಗೇ ಅಂತೆ. ಈಗ ಜಿಲ್ಲೆ ಆಗೈತಲ್ಲ, ಕಾಲ ಬದಲಾಗೈತೆ. ಇವತ್ತು ರಾತ್ರಿ ಊಟಕ್ಕೆ ಎಲ್ಲರೆದುರು ಎಡಗೈ ಎತ್ತಬೇಕೆಂದು ನಿಶ್ಚಯ ಮಾಡಿಕೊಂಡಿದ್ದಳು. ಅದಕ್ಕೇ ಅತ್ತೆಯನ್ನು ಸಭೆಗೆ ಕರೆದುಕೊಂಡು ಬಂದಿದ್ದಳು. ಬರೆದವರನ್ನೇ ನೋಡಲಿ ಎಂದು!

"ಅತ್ತೆ ಚಷ್ಮಾ ಹಾಕ್ಕೊಂಡು ಔಷಧಿ ಚೀಟೀನೂ ಬಿಡದಂಗೆ ಓದ್ತಾರೆ ಸರ್. ಇದನ್ನ ಓದದೇ ಬಿಡ್ತಾರೇನ್ರಿ?"

ಇಷ್ಟು ವರ್ಷ ಅಂಕಣ ಬರೆದಿದ್ದೇನೆ, ನನ್ನ ಬರಹವನ್ನು ಯಾರೂ ಸಾಕ್ಷಿಗೆ ಕರೆದಿರಲಿಲ್ಲ. ಮೊದಲ ಸಲ ಕರೆದಾಗ ನಾನು ಸುಳ್ಳುಸಾಕ್ಷಿ!

ಶೇಖರಪ್ಪನಿಗೆ ಕಣ್ಸನ್ನೆ ಮಾಡಿದೆ. ಅವನು ಗೊಣಗುತ್ತಾ ಹೋಗಿ ಮೇಜಿನ ಮೇಲಿದ್ದ ಪುಸ್ತಕಗಳಿಂದ ಚೀಟಿ ಕಿತ್ತು ಜೇಬಿಗೆ ತುರುಕಿಕೊಂಡ. ಆದರೆ ಆರು ಪ್ರತಿ ಆಗಲೇ ಖರ್ಚಾಗಿದ್ದವು, ಚೀಟಿ ಸಮೇತ. ಪುಸ್ತಕ ಮಾರಾಟವಾಯಿತಲ್ಲಾ ಎಂದು ಲೇಖಕನೊಬ್ಬ ಮರುಗಿದ್ದು ಇದೇ ಮೊದಲಿರಬೇಕು.

ಸಭೆ ಶುರುವಾಯಿತು. ಮುಂದಿನ ಸಾಲಿನಲ್ಲೇ ಶೈಲಾ. ಪಕ್ಕದಲ್ಲಿ ಅವಳ ಅತ್ತೆ ಹಾಲಮ್ಮ. ದಪ್ಪ ಚಷ್ಮಾ, ನೆಟ್ಟಗೆ ಕೂತ ಭಂಗಿ. ನನ್ನ ಮಾತು ಮುಗಿದು ಪ್ರಶ್ನೆಗಳ ಹೊತ್ತು ಬಂದಾಗ ಮೊದಲು ಎದ್ದು ನಿಂತವರು ಅವರೇ.

"ನಂದೊಂದು ಪ್ರಶ್ನೆ ಐತ್ರಿ. ಬುಕ್ಕಿನಾಗೆ ಎಲ್ಲಾರೂ ಎಡಗೈಲೆ ಉಣ್ತಾರಲ್ಲ, ಬೇಕಂತ ಬರೆದ್ರೋ, ತಪ್ಪಿ ಬರೆದ್ರೋ?"

ಸಭೆ ಗೊಳ್ಳೆಂದಿತು. ಶೈಲಾ ನಗಲಿಲ್ಲ. ಮಡಿಲಲ್ಲಿದ್ದ ಪುಸ್ತಕವನ್ನು ಗಟ್ಟಿಯಾಗಿ ಹಿಡಿದು ನನ್ನನ್ನೇ ನೋಡುತ್ತಿದ್ದಳು. ತಪ್ಪಿ ಬರೆದೆ ಎಂದರೆ ಅವಳು ರಾತ್ರಿ ಮತ್ತೆ ಅಡುಗೆಮನೆಯ ಬಾಗಿಲಿಗೆ ಬೆನ್ನು ಹಾಕಿ ನಿಲ್ಲಬೇಕು. ನೀವಾಗಿದ್ದರೆ ಏನು ಹೇಳುತ್ತಿದ್ದಿರಿ?

"ಬೇಕಂತಲೇ ಬರೆದೆ ತಾಯಿ!" ಅಂದೆ.

ಶುರು ಮಾಡಿದ ಮೇಲೆ ನಿಲ್ಲಿಸುವುದು ನನಗೆ ಬರುವುದಿಲ್ಲ. ಎರಡು ಕೈಯನ್ನೂ ಕೊಟ್ಟವನು ಒಬ್ಬನೇ ದೇವರು, ಒಂದಕ್ಕೆ ಪಾಯಸ, ಇನ್ನೊಂದಕ್ಕೆ ಪ್ರಾಯಶ್ಚಿತ್ತವೇ, ಕಲಾವಿದನಾದವನು ಇದನ್ನು ಪ್ರಶ್ನಿಸಬೇಡವೇ, ಎಂದೆಲ್ಲ ಐದು ನಿಮಿಷ ಹೊಡೆದೆ. ಚಪ್ಪಾಳೆ ಬಿತ್ತು. ಶೇಖರಪ್ಪ ಜೇಬಿನ ಮೇಲೆ ಕೈ ಮುಚ್ಚಿಕೊಂಡು ಚಪ್ಪಾಳೆ ತಟ್ಟಲಾಗದೆ ಒದ್ದಾಡುತ್ತಿದ್ದ. ಹಾಲಮ್ಮ "ಹೌದೇನ್ರಿ" ಎಂದಷ್ಟೇ ಹೇಳಿ ಕೂತರು.

ಕಾರ್ಯಕ್ರಮ ಮುಗಿದು ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ತಟ್ಟೆಗಳು ಓಡಾಡತೊಡಗಿದವು. ನಾನು ಪುಸ್ತಕಗಳಿಗೆ ಸಹಿ ಹಾಕುತ್ತಾ ಕೂತಿದ್ದೆ. ಸಹಿಗೆ ಬಂದವರೆಲ್ಲ ತಟ್ಟೆಗಳ ಕಡೆ ಸರಿದ ಮೇಲೆ ಹಾಲಮ್ಮ ಬಂದರು. ಒಬ್ಬರೇ. ಮೂಲೆ ಸವೆದ ಆ ಪ್ರತಿಯನ್ನು ಮೇಜಿನ ಮೇಲಿಟ್ಟು, ಮೂವತ್ತೊಂದನೇ ಪುಟ ತೆರೆದರು.

"ಕೈ ಬೇಕಂತ ಬರೆದ್ರಿ. ಒಪ್ಪಿದೆ. ಜೇಬು?"

"ಯಾವ ಜೇಬಮ್ಮಾ?"

"ಅಂಗಿ ಜೇಬ್ರೀ. ಹನ್ನೆರಡು ಮಂದಿಗೂ ಬಲಗಡೆ ಐತೆ. ಮೂವತ್ತು ವರ್ಷದಿಂದ ಮಿಷನ್ ತುಳೀತೀನಿ, ಬಲಗಡೆ ಜೇಬು ಹೊಲೆಯೋ ಟೇಲರ್‌ನ ನಾನಂತೂ ಕಂಡಿಲ್ಲ. ಕನ್ನಡಿ ನೋಡ್ಕೊಂಡು ಬರೆದೀರಿ, ಹೌದೋ ಅಲ್ಲೋ?"

ನಾನು ಬಗ್ಗಿ ನನ್ನ ಅಂಗಿಯನ್ನೇ ನೋಡಿಕೊಂಡೆ. ಜೇಬು ಎಡಗಡೆ ಇತ್ತು. ಇನ್ನೆಲ್ಲಿರುತ್ತದೆ?

ಕಳ್ಳ ಸಿಕ್ಕಿಬಿದ್ದಿದ್ದ. ತಪ್ಪಾಯಿತು ತಾಯಿ, ನಿಮ್ಮ ಸೊಸೆ ಬಂದು ಕೇಳಿಕೊಂಡಳು, ಅದಕ್ಕೆ, ಎಂದು ತೊದಲಿದೆ.

"ಅವಳ ಕೈ ಯಾವುದು ಅಂತ ನಂಗೆ ಮೊದಲನೇ ವಾರನೇ ಗೊತ್ತಾತು," ಅಂದರು ಹಾಲಮ್ಮ. "ನನ್ನ ಕತ್ರಿ ಹಿಡಿದು ಬಟ್ಟೆ ಕತ್ತರಿಸಾಕೆ ಹೋಗಿ ಒದ್ದಾಡಿದ್ಳು. ಎಡಗೈಯೋರಿಗೆ ನಮ್ಮ ಕತ್ರಿ ಮಾತು ಕೇಳಲ್ಲ. ಅವಳೇ ಹೇಳ್ಲಿ ಅಂತ ಸುಮ್ನಿದ್ದೆ. ನಾ ಹೇಳಿದ್ರೆ ಹೆದರ್ತಾಳೆ ಅಂತ. ಅಡಿಗೆಮನ್ಯಾಗೆ ನಿಂತು ಉಣ್ಣೋದು ನೋಡಿ ನಂಗೂ ತುತ್ತು ಇಳೀತಿದ್ದಿಲ್ಲ."

ಹನ್ನೊಂದು ತಿಂಗಳು! ಒಂದೇ ಮನೆ, ಒಂದೇ ಒಲೆ. ಅವಳು ಮುಚ್ಚಿಡುತ್ತಿದ್ದಾಳೆ, ಇವರು ನೋಡದ ಹಾಗೆ ಇದ್ದಾರೆ. ಇಬ್ಬರೂ ಒಬ್ಬರಿಗೊಬ್ಬರು ಹೆದರಿಕೊಂಡು ಅರೆಹೊಟ್ಟೆ. ಇವರಿಬ್ಬರ ಬಾಯಿ ಬಿಡಿಸಲು ನನ್ನಂಥ ಎಡವಟ್ಟನೊಬ್ಬ ಕನ್ನಡಿ ಮುಂದೆ ಎರಡು ವರ್ಷ ಕೂರಬೇಕಾಯಿತೆ? ಮನಸ್ಸು ತುಂಬಿ ಬಂತು. ಮುಜುಗರವೂ ಆಯಿತು, ಯಾಕೆಂದರೆ ನಮ್ಮ ಮನೆಯಲ್ಲಿ ಯಾರು ಏನು ಮುಚ್ಚಿಟ್ಟು ಉಣ್ಣುತ್ತಿದ್ದಾರೆ ಎಂದು ನಾನು ಕೇಳಿದವನೇ ಅಲ್ಲ.

ಹಾಲಮ್ಮ ತಿರುಗಿ ಕೂಗಿದರು. "ಏ ಶೈಲಾ, ಮೆಣಸಿನಕಾಯಿ ಆರಿ ಹೋಗ್ತೈತೆ ತಿನ್ನವಾ. ಯಾವ ಕೈಗೆ ಬರ್ತೈತೋ ಆ ಕೈಲೆ ತಿನ್ನು."

ದೂರದಲ್ಲಿ ತಟ್ಟೆ ಹಿಡಿದು ನಿಂತಿದ್ದ ಶೈಲಾ ನಮ್ಮ ಕಡೆ ತಿರುಗಿದಳು. ಆಮೇಲೆ ತಟ್ಟೆಯನ್ನು ಬಲಗೈಗೆ ದಾಟಿಸಿ, ಎಡಗೈಯಲ್ಲಿ ಮೆಣಸಿನಕಾಯಿ ಎತ್ತಿಕೊಂಡಳು. ಯಾರೂ ಗಮನಿಸಲಿಲ್ಲ. ಎಲ್ಲರೂ ಅವರವರ ಮೆಣಸಿನಕಾಯಿಯಲ್ಲಿ ಮುಳುಗಿದ್ದರು. ಇಷ್ಟಕ್ಕೆ ಈ ಪಾಟಿ ಹೆದರಿಕೆ!

ಹೊರಡುವ ಮುಂಚೆ ಹಾಲಮ್ಮ ಕೈಚೀಲದಿಂದ ಹಳದಿ ಚೀಟಿಯೊಂದನ್ನು ತೆಗೆದು ನನ್ನ ಮುಂದಿಟ್ಟರು. ಸಭೆ ಶುರುವಾಗುವ ಮುಂಚೆಯೇ ಪಕ್ಕ ಕೂತಾಕೆಯ ಪುಸ್ತಕದಲ್ಲಿ ಸಿಕ್ಕಿತ್ತಂತೆ. ಅಂದರೆ ನನ್ನ ಭಾಷಣ ಕೇಳುವ ಮೊದಲೇ ಓದಿಕೊಂಡಿದ್ದರು! ಓದಿಕೊಂಡೇ ಎದ್ದು ನಿಂತು ನನ್ನನ್ನು ಕೇಳಿದ್ದರು!

"ಹೊಸ ಚೀಟಿ ಹಾಕಿಸ್ರಿ," ಅಂದರು. "ಜೇಬಿಂದು ಬರೀರಿ. ಕೈದು ಬ್ಯಾಡ."

ಈ ವಾರದಿಂದ ಪುಸ್ತಕದಲ್ಲಿ ಹೊಸ ಚೀಟಿ ಇದೆ. ಕೊಟ್ರಪ್ಪನವರಿಗೂ ಒಂದು ಕೊಟ್ಟು ಬಂದೆ: "ಬಲಗಡೆ ಜೇಬು ಇರುವಲ್ಲೆಲ್ಲ ಎಡಗಡೆ ಎಂದು ಓದಿಕೊಳ್ಳಬೇಕಾಗಿ ವಿನಂತಿ. ಕೈಗಳು ಸರಿಯಾಗಿವೆ."