ಎಡಕ್ಕೆ ಸರಿದ ಮಸುಕು

ವುಡ್‌ಬ್ರಿಡ್ಜ್‌ನ ಅಂಗಡಿಯವನು ಏಳು ದಿನ ಕೊಟ್ಟಿದ್ದ. ಲೆನ್ಸ್ ಹಿಡಿಸದಿದ್ದರೆ ಅಷ್ಟರೊಳಗೆ ವಾಪಸ್ ಕೊಡಬಹುದು. ಯಾರೋ ಬಳಸಿ ಮಾರಿದ ಮ್ಯಾಕ್ರೋ ಲೆನ್ಸ್ ಅದು. ಇರುವೆಯ ಮೀಸೆಯನ್ನೂ ತೆಗೆಯುತ್ತದೆ, ಮನುಷ್ಯರ ಮುಖವನ್ನೂ ತೆಗೆಯುತ್ತದೆ ಎಂದು ಕೇಳಿದ್ದೆ. ನಾನು ಬ್ರ್ಯಾಂಪ್ಟನ್‌ನ ಗೋದಾಮಿನಲ್ಲಿ ಪೆಟ್ಟಿಗೆ ಎತ್ತುವವನು. ಶನಿವಾರ, ಭಾನುವಾರ ಈ ಪರದೇಶದಲ್ಲಿರುವ ನಮ್ಮ ಜನರ ನಾಮಕರಣ, ನಿಶ್ಚಯಗಳಿಗೆ ಫೋಟೋ ತೆಗೆಯುತ್ತೇನೆ. ಉಂಗುರಕ್ಕೊಂದು, ಮುಖಕ್ಕೊಂದು ಲೆನ್ಸ್ ಹೊರುವ ಬದಲು ಒಂದೇ ಸಾಕಾದೀತೇ? ನನಗೆ ಬೇಕಿದ್ದದ್ದು ಅಷ್ಟೇ.

ಮುಖದ ಪರೀಕ್ಷೆಗೆ ಸಿಕ್ಕವರು ಕಾಕು. ನಾನು ಬಾಡಿಗೆಗಿರುವ ಬೇಸ್‌ಮೆಂಟು ಅವರದು. ಧಾರವಾಡದವರು. ಗಂಡ ತೀರಿಕೊಂಡಿದ್ದಾರೆ, ಮಗಳು ಮದುವೆಯಾಗಿ ಪಿಕರಿಂಗ್‌ನಲ್ಲಿದ್ದಾಳೆ. ನನಗೆ ಸಂಬಂಧವೇನಿಲ್ಲ. ದಿನಾ ಮೇಲಿಂದ ರೊಟ್ಟಿ ಬರುತ್ತಿತ್ತು, ಹಾಗಾಗಿ ನಮ್ಮ ಕಡೆ ಚಿಕ್ಕಮ್ಮನಿಗೆ ಅನ್ನುವಂತೆ ಕಾಕು ಎಂದು ಕರೆದೆ.

ಅಡುಗೆಮನೆಯ ಕಿಟಕಿಯ ಬಳಿ ಕೂರಿಸಿ ಒಂದು ಫೋಟೋ ತೆಗೆದು ತೋರಿಸಿದೆ. ಅವರು ಕ್ಯಾಮೆರಾವನ್ನು ಮೂಗಿಗೆ ತಾಗುವಷ್ಟು ಹತ್ತಿರ ಹಿಡಿದು ನೋಡಿದರು.

"ಅಯ್ಯ ನನ ಶಿವನ! ಇದೇನೋ ತಮ್ಮಾ, ನನ್ನ ಮಾರಿ ನೇಗಿಲಾ ಹೊಡದ ಹೊಲಾ ಆಗೇತಲ್ಲೋ!"

"ಲೆನ್ಸ್ ಭಾರಿ ಐತ್ರಿ ಕಾಕು. ಒಂದ ಗೆರಿನೂ ಬಿಡೂದಿಲ್ಲ."

"ಸುಡು ನಿನ್ನ ಲೆನ್ಸ್. ಮೊದಲ ಅದನ್ನ ಅಳಿಸು."

ಅಳಿಸಲಿಲ್ಲ. ಕಿಟಕಿಗೆ ತೆಳು ಪರದೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು ಇನ್ನೊಂದು ತೆಗೆದೆ. ಈಗ ಚರ್ಮ ಮೆತ್ತಗೆ ಬಂತು. ಹಿಂದಿನ ಒಲೆ, ಡಬ್ಬಿಗಳೆಲ್ಲ ಕರಗಿ ಹೋದವು. ಕಣ್ಣು ಮಾತ್ರ ಚೂಪಾಗಿ ನಿಂತಿತು. ಮುಖಕ್ಕೆ ಲೆನ್ಸ್ ಪಾಸು.

ಇನ್ನು ಹತ್ತಿರದ ಪರೀಕ್ಷೆ. ಕಾಕುವಿನ ಮಗಳಿಗೆ ಏಳನೇ ತಿಂಗಳು. ನಮ್ಮ ಕಡೆ ಆಗ ಕುಬಸ ಮಾಡುತ್ತಾರೆ, ಬಸುರಿಗೆ ಹಸಿರು ಸೀರೆ ಉಡಿಸುತ್ತಾರೆ. ಅದಕ್ಕಾಗಿ ಕಾಕು ಇಳಕಲ್ಲ ಸೀರೆಯ ಸೆರಗಿಗೆ ಕಸೂತಿ ಹಾಕುತ್ತಿದ್ದರು. ಕಸೂತಿಗೆ ಮೊದಲೇ ಗೆರೆ ಬರೆದುಕೊಳ್ಳುವಂತಿಲ್ಲ. ಬಟ್ಟೆಯ ಎಳೆ ಎಣಿಸಿ ಸೂಜಿ ಇಳಿಸಬೇಕು. ಗಂಟು ಹಾಕುವಂತಿಲ್ಲ. ಹಿಂದೆ, ಮುಂದೆ ಎರಡೂ ಒಂದೇ ಥರ ಕಾಣಬೇಕು. ಲೆನ್ಸ್ ಪರೀಕ್ಷೆಗೆ ಇದಕ್ಕಿಂತ ಒಳ್ಳೆಯದು ಎಲ್ಲಿ ಸಿಗಬೇಕು?

ಸೆರಗನ್ನು ಮೇಜಿನ ಮೇಲೆ ಹರಡಿ, ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಬಿಗಿದು ನೇರ ಮೇಲಿಂದ ತೆಗೆದೆ. ಎಡಗಡೆ ಹೊಲಿದಿದ್ದ ಆನೆಯ ಚಿತ್ರ ಸರಿಯಾಗಿತ್ತು. ಬಲಗಡೆಯ ತೊಟ್ಟಿಲು ಮಸುಕು, ನೂಲಿನ ಅಂಚೆಲ್ಲ ನಾರುನಾರು. ಯಾರೋ ಲೆನ್ಸ್ ಬೀಳಿಸಿದ್ದಾರೆ, ಒಳಗಿನ ಗಾಜು ವಾಲಿದೆ ಅಂದುಕೊಂಡೆ. ಅಂಗಡಿಯವನಿಗೆ ಮನಸ್ಸಿನಲ್ಲೇ ಬೈದೆ. ಖಾತ್ರಿ ಮಾಡಿಕೊಳ್ಳಲು ಎಡಬಲ ಅದಲುಬದಲಾಗುವಂತೆ ಬಟ್ಟೆಯನ್ನು ತಿರುಗಿಸಿಟ್ಟು ಮತ್ತೆ ತೆಗೆದೆ.

ಮಸುಕು ಎಡಕ್ಕೆ ಬಂತು.

ಗಾಜಿನ ತಪ್ಪಾಗಿದ್ದರೆ ಅದು ಬಲಗಡೆಯೇ ಉಳಿಯಬೇಕಿತ್ತು. ಚಿತ್ರ ದೊಡ್ಡದು ಮಾಡಿ ನೋಡಿದೆ. ಸೂಜಿ ಎಳೆಗಳ ನಡುವೆ ಇಳಿಯದೆ ನೂಲನ್ನೇ ಸೀಳಿಕೊಂಡು ಹೋಗಿತ್ತು. ಬಿಚ್ಚಿ ಮತ್ತೆ ಹಾಕಿದ ತೂತುಗಳಿದ್ದವು. ಸೆರಗು ಮಗುಚಿದರೆ ಹಿಂದಿನ ತೊಟ್ಟಿಲೇ ಬೇರೆ.

"ಕಾಕು, ತೊಟ್ಟಿಲಾ ಕೆಟ್ಟೈತ್ರಿ. ಎಳಿ ತಪ್ಪ್ಯಾವು. ಹಿಂದ ಬ್ಯಾರೆ, ಮುಂದ ಬ್ಯಾರೆ."

ನಯವಾಗಿ ಹೇಳುವುದು ನನಗೆ ಬರುವುದಿಲ್ಲ.

"ನಿನ್ನ ಲೆನ್ಸಿಂದ ತಪ್ಪ ಇರಬೇಕು," ಎಂದರು.

"ಬಟ್ಟಿ ತಿರುವಿ ನೋಡೇನ್ರಿ."

ಕಾಕು ಸೀರೆ ಮಡಚಿಕೊಂಡು ಒಳಗೆ ಹೋದರು. ಮರುದಿನ ರೊಟ್ಟಿ ಬರಲಿಲ್ಲ. ಅದರ ಮರುದಿನವೂ ಇಲ್ಲ. ಬ್ರೆಡ್ ತಿಂದೆ.

ಮೂರನೇ ದಿನ ಶಿಫ್ಟ್ ಮುಗಿಸಿ ಮಧ್ಯಾಹ್ನ ಮೇಲೆ ಹೋದೆ. ಕಾಕು ಕಿಟಕಿಯ ಬಳಿ ಕೂತಿದ್ದರು. ಸೀರೆ ತೊಡೆಯ ಮೇಲಿತ್ತು, ಸೂಜಿ ಕೈಯಲ್ಲಿರಲಿಲ್ಲ.

"ಕಣ್ಣ ಯಾವಾಗಿಂದ ಕಾಣವಲ್ದ್ರಿ?" ಎಂದೆ.

ಕಾಕು ಸೀರೆಯನ್ನು ಪಕ್ಕಕ್ಕಿಟ್ಟರು. "ದೀಪಾವಳಿ ಆದಾಗಿಂದ. ಎಲ್ಲಾ ಮಂಜ ಕಟ್ಟಿದಂಗ. ಮಂದಿ ಕಾಣತಾರ, ಎಳಿ ಕಾಣವಲ್ದು."

"ಡಾಕ್ಟರ್‌ಗೆ ತೋರಸ್ರಿ."

"ತೋರಿಸಿದ್ರ ಅಕಿಗೆ ಗೊತ್ತಾಗತೈತಿ. ಬಸುರಿ ಹೆಣ್ಣಮಗಳು, ಚಿಂತಿ ಹಚ್ಚಿಕೋತಾಳ. ಇರಲಿ ಬಿಡವ್ವ, ಅಂಗಡ್ಯಾಗ ತಗೋತೇನಿ ಅಂತಾಳ. ನಮ್ಮವ್ವ ನನಗ ತನ್ನ ಕೈಲೆ ಕಸೂತಿ ಹಾಕಿದ ಸೀರಿ ಉಡಿಸಿದ್ಲೋ ತಮ್ಮಾ. ನಾ ಏನ್ ಉಡಿಸಲಿ?"

ಕೆಳಗೆ ಹೋಗಿ ಕ್ಯಾಮೆರಾ, ಕೇಬಲ್ ತಂದೆ. ಕ್ಯಾಮೆರಾವನ್ನು ಟಿವಿಗೆ ಜೋಡಿಸಿ, ಲೆನ್ಸಿನ ಕೆಳಗೆ ಸೆರಗು ಹಾಸಿದೆ. ಟಿವಿಯಲ್ಲಿ ಒಂದೊಂದು ಎಳೆಯೂ ಹಗ್ಗದಷ್ಟು ದಪ್ಪ ಕಂಡಿತು. ಕಾಕು ಎದ್ದು ಟಿವಿಯ ಹತ್ತಿರ ಹೋಗಿ ಬೆರಳಿಟ್ಟು ಮುಟ್ಟಿದರು.

"ಕಂಡ್ತೋ ತಮ್ಮಾ," ಎಂದರು.

ನಾನು ಒಂದು ಷರತ್ತು ಹಾಕಿದೆ. ಕುಬಸ ಮುಗಿದ ಮೇಲೆ ಮಗಳಿಗೆ ಅವರೇ ಹೇಳಬೇಕು, ಕಣ್ಣು ತೋರಿಸಬೇಕು. ಒಪ್ಪಿದರು. ತೊಟ್ಟಿಲನ್ನು ಪೂರ್ತಿ ಬಿಚ್ಚಿದೆವು. ಅವರು ಟಿವಿ ನೋಡುತ್ತ ಸೂಜಿ ಹಿಡಿದರು. ಮೊದಲ ದಿನ ಎಡಕ್ಕೆ ಹೋಗಬೇಕಾದ ಕೈ ಬಲಕ್ಕೆ ಹೋಗುತ್ತಿತ್ತು. ಅವರಿಗೆ ದಣಿವಾದಾಗ ನಾನು ಎಣಿಸುತ್ತಿದ್ದೆ.

"ಒಂದ, ಎರಡ, ಮೂರ, ನಾಕ. ಇಳಸ್ರಿ."

"ಗೋದಾಮಿನ ಪೆಟ್ಟಿಗಿ ಎಣಿಸಿದಂಗ ಓಡಬ್ಯಾಡೋ. ಇದು ತೊಟ್ಟಿಲಾ ಐತಿ."

ಏಳನೇ ದಿನ ಬಂದಾಗ ತೊಟ್ಟಿಲಿಗೆ ಹಗ್ಗ ಹೊಲಿಯುವುದು ಇನ್ನೂ ಬಾಕಿಯಿತ್ತು. ವುಡ್‌ಬ್ರಿಡ್ಜ್‌ಗೆ ಹೋಗಲಿಲ್ಲ. ಲೆನ್ಸ್ ನನ್ನ ಬಳಿಯೇ ಉಳಿಯಿತು.

ಕುಬಸದ ಫೋಟೋ ನಾನೇ ತೆಗೆದೆ. ಮಗಳು ಸೆರಗನ್ನು ಹೊಟ್ಟೆಯ ಮೇಲೆ ಹರಡಿಕೊಂಡು ತೊಟ್ಟಿಲ ಮೇಲೆ ಕೈಯಿಟ್ಟು ಕೂತಿದ್ದಳು. ಆ ಕೈ, ಹಸಿರು ಬಳೆ, ಕಸೂತಿ ಮೂರೂ ಒಂದೇ ಚಿತ್ರದಲ್ಲಿ ಬಂದವು. ಎಲ್ಲರೂ ಉಂಡು ಹೋದ ಮೇಲೆ ಕಾಕು ಅವಳಿಗೆ ಕಣ್ಣಿನ ವಿಷಯ ಹೇಳಿದರು. ಅವಳು ಅತ್ತಳು, ಬೈದಳು. ಮರುದಿನವೇ ಡಾಕ್ಟರ್‌ಗೆ ಫೋನ್ ಮಾಡಿದಳು. ಕಣ್ಣಿಗೆ ಪೊರೆ ಬಂದಿತ್ತು. ಕೆಲವು ವಾರ ಕಾದು ಆಪರೇಶನ್ ಮಾಡಿಸಿದೆವು.

ಕಣ್ಣು ತಿಳಿಯಾದ ಮೇಲೆ ಕಾಕು ಒಂದು ದಿನ ನನ್ನನ್ನು ಮೇಲೆ ಕರೆದರು. ಮಗಳು ಬಾಣಂತನಕ್ಕೆ ಬಂದಿದ್ದಳು. ಸೀರೆ ಮೇಜಿನ ಮೇಲಿತ್ತು. ಕಾಕುಗೆ ಈಗ ಟಿವಿ ಬೇಕಿರಲಿಲ್ಲ.

"ಈ ಮೂಲಿ ನೋಡು. ನಾಕ ಇರಬೇಕಾದ ಕಡೆ ಐದ ಎಳಿ ಆಗ್ಯಾವು. ಎಣಿಸಿದಾಂವ ಯಾರೋ?"

"ನಾನ್ರಿ," ಎಂದೆ. "ಬಿಚ್ಚೂಣೇನ್ರಿ?"

ಕಾಕು ಆ ಮೂಲೆಯನ್ನು ಬೆರಳಿನಿಂದ ಸವರಿದರು.

"ಬ್ಯಾಡ. ಇರಲಿ ಬಿಡು. ಇದು ನಿಂದು."

ಆಮೇಲೆ ರೊಟ್ಟಿಯ ಡಬ್ಬಿ ಕೈಗೆ ಕೊಟ್ಟು, ಬಿಸಿ ಇರುವಾಗಲೇ ತಿನ್ನು ಎಂದು ಕೆಳಗೆ ಕಳಿಸಿದರು.