ಮೆಟ್ಟಿಲ ಮೇಲಿನ ಅಭಿಮಾನಿ

ನನ್ನ ತಂಗಿಯ ಗಂಡ ಹೇಡಿ. ಕೆಟ್ಟವನಲ್ಲ, ಕುಡುಕನಲ್ಲ, ಸೋಮಾರಿಯೂ ಅಲ್ಲ; ಬರೀ ಹೇಡಿ. ಕಷ್ಟ ಎದುರಿಗೆ ಬಂದರೆ ಅದರ ಮುಖ ನೋಡಲಾರ. ಮಗಳು ಹುಟ್ಟುವ ದಿನ ಬೆಂಕಿಪೊಟ್ಟಣ ತರುತ್ತೇನೆಂದು ಹೋದವನು ಸಂಜೆಗೆ ಬಂದ. ಮನೆಯಲ್ಲಿ ಬೆಂಕಿಪೊಟ್ಟಣಕ್ಕೇನೂ ಬರವಿರಲಿಲ್ಲ. ಅವನ ತಾಯಿ ಕೊನೆಯುಸಿರು ಎಳೆಯುವಾಗ ಕೆಳಗೆ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದ. ಕಾರ್ಖಾನೆಯವರು ಅವನಿಗೆ ಬರಬೇಕಾದ ಬಡ್ತಿಯನ್ನು ಇನ್ನೊಬ್ಬನಿಗೆ ಕೊಟ್ಟಾಗ ಮ್ಯಾನೇಜರನ ಮುಂದೆ ಹೋಗಿ ನಿಂತವಳು ನನ್ನ ತಂಗಿ. ಇವನು ಗೇಟಿನ ಹೊರಗೆ ಅವಳ ಕೈಚೀಲ ಹಿಡಿದುಕೊಂಡು ನಿಂತಿದ್ದ.

ತಮಾಷೆಯೆಂದರೆ, ನೋಡುವುದೇ ಅವನ ಕೆಲಸ. ಗಾಜಿನ ಬಾಟಲಿ ತಯಾರಿಸುವ ಕಾರ್ಖಾನೆಯಲ್ಲಿ ಬೆಳ್ಳನೆಯ ದೀಪದ ಹಲಗೆಯ ಮುಂದೆ ಕೂತಿರುತ್ತಾನೆ. ಅವನ ಮತ್ತು ಬೆಳಕಿನ ನಡುವೆ ಪಟ್ಟಿಯ ಮೇಲೆ ಬಾಟಲಿಗಳು ಸಾಗುತ್ತಿರುತ್ತವೆ. ಬಿರುಕು, ಗುಳ್ಳೆ, ಸೊಟ್ಟ ಕತ್ತು ಕಂಡರೆ ಎತ್ತಿ ಪಕ್ಕದ ಡಬ್ಬಕ್ಕೆ ಹಾಕಬೇಕು. ಮನೆಗೆ ಬಂದಾಗ ಕಣ್ಣುಗಳು ಕೆಂಪಡರಿರುತ್ತವೆ. ಒದ್ದೆ ಬಟ್ಟೆ ಮುಚ್ಚಿಕೊಂಡು ಮಂಚದ ಮೇಲೆ ಬೀಳುತ್ತಾನೆ. "ನೋಡಿ ನೋಡಿ ಸಾಕಾಯ್ತು" ಎನ್ನುವುದು ಅವನ ಸಂಜೆಯ ಮೊದಲ ಮಾತು. ಎಷ್ಟೋ ದಿನ ಅದೇ ಕೊನೆಯದೂ ಆಗಿರುತ್ತಿತ್ತು.

ಇಂಥ ಮನುಷ್ಯನಿಗೆ ಒಬ್ಬ ಟೆನಿಸ್ ಆಟಗಾರ್ತಿಯ ಮೇಲೆ ಅಭಿಮಾನ. ಅವಳು ದೂರದ ಯಾವುದೋ ದೇಶದವಳು, ಎಡಗೈಯಲ್ಲಿ ಆಡುವವಳು. ಮನೆಯಲ್ಲಿ ಅವಳಿಗೆ "ಎಡಗೈ" ಎಂದೇ ಹೆಸರು. "ಎಡಗೈಗೆ ಜ್ವರ ಬಂದಿದೆಯಂತೆ", "ಎಡಗೈ ಸೆಮಿಫೈನಲ್ ತಲುಪಿದಳು" ಎಂದು ಗಂಡ ಹೆಂಡತಿ ಮಾತಾಡುವುದನ್ನು ಕೇಳಿದರೆ ಹತ್ತಿರದ ನೆಂಟಳೆಂದುಕೊಳ್ಳಬೇಕು.

ಆದರೆ ಅವಳ ಆಟವನ್ನು ಅವನು ನೋಡುತ್ತಿರಲಿಲ್ಲ. ಮೊದಲಿಗೆ ನೋಡುತ್ತಿದ್ದನಂತೆ. ಅವಳು ಇನ್ನೇನು ಗೆದ್ದೇಬಿಟ್ಟಳು ಎನ್ನುವ ಒಂದು ಫೈನಲ್ಲಿನಲ್ಲಿ, ಇವನು ಕುರ್ಚಿಯ ತುದಿಗೆ ಜರುಗಿ ಕೂತಿದ್ದಾಗಲೇ, ಸೋತಳು. ಮುಂದಿನ ಸಲ ಭಯದಿಂದ ಎದ್ದು ಹೊರಗೆ ಹೋದ, ಗೆದ್ದಳು. ಅಷ್ಟು ಸಾಕಾಯಿತು. ತಾನು ನೋಡಿದರೆ ಅವಳು ಸೋಲುತ್ತಾಳೆ ಎಂದು ತೀರ್ಮಾನಿಸಿಬಿಟ್ಟ. ಅಂದಿನಿಂದ ಪಂದ್ಯವಿದ್ದಾಗಲೆಲ್ಲ ಮೂರನೆಯ ಮಹಡಿಯ ಆ ಎರಡು ಕೋಣೆಯ ಮನೆಯ ಬಾಗಿಲು ತೆರೆದಿಟ್ಟು, ಹೊರಗೆ ಮೆಟ್ಟಿಲ ಮೇಲೆ ಕಬ್ಬಿಣದ ಕಟಕಟೆಗೆ ಒರಗಿ ಕೂರುತ್ತಿದ್ದ. ಒಳಗೆ ನನ್ನ ತಂಗಿ ಟಿವಿ ನೋಡಿ ಕೂಗಿ ಹೇಳಬೇಕು.

"ಹದಿನೈದು ಮೂವತ್ತು!"

"ಯಾರು ಮುಂದೆ?"

"ಎದುರಿನವಳು!"

"ಅಯ್ಯೋ..."

"ಅಯ್ಯೋ ಅನ್ನೋದಾದ್ರೆ ಇನ್ನೆರಡು ಮೆಟ್ಟಿಲು ಕೆಳಗೆ ಹೋಗಿ ಅನ್ನಿ. ಕಿವಿಗೆ ಬೀಳುತ್ತೆ."

ತಂಗಿಗೆ ಆಟದ ಗಂಧಗಾಳಿ ಇರಲಿಲ್ಲ. ಗಂಡನಿಗಾಗಿ ನೋಡಿ ನೋಡಿ ಅವಳೇ ಪಂಡಿತೆಯಾದಳು. ಅಭಿಮಾನ ಅವನದು, ನೋಟ ಇವಳದು. ಮರುದಿನ, ಗೆದ್ದದ್ದು ಖಚಿತವಾದ ಮೇಲೆ, ಅವನು ಮರುಪ್ರಸಾರ ನೋಡುತ್ತಿದ್ದ. ಸೋತಿದ್ದರೆ ಅದೂ ಇಲ್ಲ. ಕೆಳಮನೆಯ ದರ್ಜಿಯಾಕೆ ಅವನಿಗೆ "ಮೆಟ್ಟಿಲಪ್ಪ" ಎಂದು ಹೆಸರಿಟ್ಟಳು. ಮೇಲಕ್ಕೆ ಹೊರಟವರಿಗೆಲ್ಲ, "ಮೆಟ್ಟಿಲಪ್ಪನೋರು ಕೂತಿದಾರೆ, ಪಕ್ಕಕ್ಕೆ ಕಾಲಿಟ್ಟು ಹತ್ತಿ, ಪಂದ್ಯ ನಡೀತಿದೆ" ಎನ್ನುತ್ತಿದ್ದಳು.

ಒಮ್ಮೆ ನಾನೂ ಹಾಗೆ ಪಕ್ಕಕ್ಕೆ ಕಾಲಿಟ್ಟು ಹತ್ತಬೇಕಾಯಿತು. ಮಂಡಿನೋವು, ಅವನ ಪಕ್ಕದಲ್ಲೇ ನಿಂತು ಸುಧಾರಿಸಿಕೊಂಡೆ.

"ಅಷ್ಟು ಪ್ರೀತಿ ಇದ್ರೆ ಒಳಗೆ ಕೂತು ನೋಡು. ಇಲ್ಲದಿದ್ರೆ ಬಿಡು. ಇದೇನಯ್ಯಾ ಅಡ್ಡಗೋಡೆ ಮೇಲಿನ ದೀಪ?"

"ನಾನು ನೋಡಿದ್ರೆ ಸೋಲ್ತಾಳೆ ಅಕ್ಕಾ."

"ನಿನ್ನ ಕಣ್ಣಿಗೆ ಅಷ್ಟು ಶಕ್ತಿ ಇದ್ದಿದ್ರೆ ಆ ಬಾಟಲಿಗಳೆಲ್ಲ ತಾವಾಗೇ ಒಡೀತಿದ್ವು."

"ಒಡೀತಾವಲ್ಲ, ಕೆಲವು" ಎಂದ, ಗಂಭೀರವಾಗಿ.

ಅಂಥದ್ದೇನು ಕಂಡಿದ್ದೀಯ ಅವಳಲ್ಲಿ ಎಂದು ಕೇಳಿದೆ. ಪದಕ, ಕಪ್‌ಗಳ ಪಟ್ಟಿ ಒಪ್ಪಿಸುತ್ತಾನೆಂದುಕೊಂಡಿದ್ದೆ. ದರ್ಜಿಯಾಕೆಯನ್ನು ಕೇಳಿದ್ದರೆ ಮಣಿಕಟ್ಟಿಗೆ ಆಪರೇಷನ್ ಮಾಡಿಸಿಕೊಂಡೂ ಮತ್ತೆ ಆಡಲು ಬಂದಳಲ್ಲ ಎನ್ನುತ್ತಿದ್ದಳು. ನನ್ನ ತಂಗಿಯ ಲೆಕ್ಕ ಬೇರೆ: "ಗೆದ್ದಾಗ ಮೊದಲು ಸೋತವಳ ಹತ್ರ ಹೋಗ್ತಾಳೆ, ಆಮೇಲೆ ಕುಣೀತಾಳೆ. ಮನುಷ್ಯರಿಗೆ ಇನ್ನೆಷ್ಟು ಮರ್ಯಾದೆ ಬೇಕು?" ಅವನು ಮಾತ್ರ ಅಂಗೈ ನೋಡುತ್ತ ಹೇಳಿದ:

"ಸುಲಭದ ಚೆಂಡು ತಪ್ಪಿಸ್ಕೊಂಡ್ಳು ಅನ್ಕೊಳ್ಳಿ. ಬೇರೆಯವರು ಬ್ಯಾಟ್ ಎಸೀತಾರೆ, ಆಕಾಶ ನೋಡ್ತಾರೆ, ಅಂಪೈರ್ ಜೊತೆ ಜಗಳಕ್ಕೆ ಬೀಳ್ತಾರೆ. ಇವಳು ಬೆನ್ನು ತಿರುಗಿಸಿ, ಬ್ಯಾಟಿನ ತಂತಿಗಳನ್ನ ಬೆರಳಲ್ಲಿ ಸರಿಮಾಡ್ಕೊಳ್ತಾಳೆ. ಅಷ್ಟೇ ಅಕ್ಕಾ. ಮತ್ತೆ ಈ ಕಡೆ ತಿರುಗಿದಾಗ ಆ ತಪ್ಪು ಅವಳ ಮುಖದ ಮೇಲೆ ಇರೋದೇ ಇಲ್ಲ. ಅಲ್ಲೇ ಬಿಟ್ಟು ಬಂದಿರ್ತಾಳೆ. ನನಗೆ ಹೋದ ತಿಂಗಳು ಕಣ್ತಪ್ಪಿ ಬಿಟ್ಟ ಬಾಟಲಿ ಈಗಲೂ ಕಣ್ಮುಂದೆ ಬರುತ್ತೆ."

ಒಳಗಿನಿಂದ ತಂಗಿ, "ಡ್ಯೂಸ್! ಇಬ್ರೂ ಸಮ!" ಎಂದು ಕೂಗಿದಳು. ಅವನು ಕಣ್ಣು ಮುಚ್ಚಿಕೊಂಡ. ನಾನು ಹತ್ತಿ ಹೋದೆ. ಕೈಲಾಗದ್ದನ್ನು ಇನ್ನೊಬ್ಬರು ಮಾಡುವುದನ್ನು ನೋಡಿ ಹಿಗ್ಗುವುದೇ ಅಭಿಮಾನವಿರಬಹುದು. ಅದರಿಂದ ನೋಡುವವನ ಕೈಗೇನೂ ಬಲ ಬಂದಂತೆ ಕಾಣಲಿಲ್ಲ.

ತಂಗಿಗೆ ಪಾರ್ಶ್ವವಾಯು ಬಡಿದದ್ದು ಒಂದು ಬೆಳಿಗ್ಗೆ, ಪಾತ್ರೆ ತೊಳೆಯುತ್ತಿದ್ದಾಗ. ಇವನು ಸಹಾಯಕ್ಕೆಂದು ಕೆಳಗೋಡಿ ದರ್ಜಿಯಾಕೆಯನ್ನು ಕರೆದ. ಆಕೆ ಮೇಲೆ ಬಂದಳು, ಇವನು ಬರಲಿಲ್ಲ. ಆಸ್ಪತ್ರೆಗೆ ಸಾಗಿಸಿದವಳೂ ಆಕೆಯೇ. ನಾನು ಹೋದಾಗ ಇವನು ಆಸ್ಪತ್ರೆಯ ಕಾಂಪೌಂಡಿಗೆ ಆತುಕೊಂಡು ನಿಂತಿದ್ದ. "ಹೇಗಿದಾಳೆ ಅಕ್ಕಾ?" ಎಂದು ಈಗಷ್ಟೇ ಬಂದ ನನ್ನನ್ನೇ ಕೇಳಿದ.

ತಂಗಿಗೆ ಮಾತು ಉಳಿಯಿತು, ಬುದ್ಧಿ ಉಳಿಯಿತು. ಎಡಗೈ ಸೋತಿತು. ಅದಕ್ಕಿಂತ ವಿಚಿತ್ರವಾದದ್ದು ಕಣ್ಣಿನ ಕಥೆ. ಕಣ್ಣುಗಳಿಗೇನೂ ಆಗಿಲ್ಲ, ಮೆದುಳಿನಲ್ಲಿ ನೋಟದ ಎಡಭಾಗ ಅಳಿಸಿಹೋಗಿದೆ ಎಂದರು ಡಾಕ್ಟರು. ತಟ್ಟೆಯಲ್ಲಿ ಬಲಗಡೆ ಇದ್ದುದನ್ನು ತಿಂದು, "ಇಷ್ಟೇನಾ?" ಎನ್ನುತ್ತಿದ್ದಳು, ತಟ್ಟೆ ತಿರುಗಿಸಿದರೆ ಉಳಿದರ್ಧ ಪ್ರತ್ಯಕ್ಷವಾಗುತ್ತಿತ್ತು. ಆಗಾಗ ಕತ್ತು ತಿರುಗಿಸಿ ನೋಡುವ ಅಭ್ಯಾಸ ಮಾಡಿಕೊಳ್ಳಿ ಎಂದರೆ, "ಅಲ್ಲೇನೋ ಇದೆ ಅಂತ ಗೊತ್ತಾದ್ರೆ ತಾನೇ ತಿರುಗೋದು?" ಎಂದು ಡಾಕ್ಟರನ್ನೇ ಗದರಿದಳು.

ಮನೆಗೆ ಬಂದ ಮೇಲೆ ಅವನು ಯಾವಾಗಲೂ ಅವಳ ಎಡಗಡೆಗೇ ಸರಿದು ನಿಲ್ಲುವುದನ್ನು ಗಮನಿಸಿದೆ. ಅಲ್ಲಿದ್ದರೆ ಅವಳಿಗೆ ಕಾಣುವುದಿಲ್ಲ. ಊಟ ಇಡುತ್ತಿದ್ದ, ಬಟ್ಟೆ ಒಗೆಯುತ್ತಿದ್ದ, ಮಾತ್ರೆ ಕೊಡುತ್ತಿದ್ದ, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಕೆಲಸ ಮುಗಿದದ್ದೇ ಮೆಟ್ಟಿಲಿಗೆ. ಪಂದ್ಯವಿರಲಿ ಬಿಡಲಿ, ಈಗ ಸಂಜೆಯೆಲ್ಲ ಅಲ್ಲೇ. ಮಗಳು ಕೈಗೂಸಿನವಳು, ದೂರದಿಂದ ಬಂದು, ಇರುವಷ್ಟು ದಿನ ಇದ್ದು, ಅಳುತ್ತ ಹೋದಳು. ನಾನು ಅಳಲಿಲ್ಲ. ತಂಗಿಯನ್ನು ನನ್ನ ಮನೆಗೆ ಕರೆದೊಯ್ಯುವುದೆಂದು ತೀರ್ಮಾನಿಸಿದೆ. ಭಾನುವಾರಕ್ಕೆ ಕಾರು ಗೊತ್ತುಮಾಡಿದೆ.

ಅವನಿಗೆ ಹೇಳಿದಾಗ, "ನಿಮಗೆ ಸರಿ ಕಂಡ ಹಾಗೆ ಅಕ್ಕಾ" ಎಂದು ತಲೆ ತಗ್ಗಿಸಿದ. ಬೇಡ ಎನ್ನಲೂ ಧೈರ್ಯ ಬೇಕಲ್ಲ.

ಭಾನುವಾರ ಮಧ್ಯಾಹ್ನ ಹೋದಾಗ ತಂಗಿಯ ಬಟ್ಟೆಚೀಲ ಬಾಗಿಲ ಬಳಿ ಸಿದ್ಧವಿತ್ತು. ಮಡಿಕೆಗಳು ನೋಡಿದರೆ ಅವನೇ ಜೋಡಿಸಿದ್ದು. ಅವನು ಮೆಟ್ಟಿಲ ಮೇಲಿದ್ದ. ಅಂದು ಎಡಗೈಯ ಫೈನಲ್. ಇದೇ ತನ್ನ ಕೊನೆಯ ಪಂದ್ಯ, ಗೆದ್ದರೂ ಸೋತರೂ ಇನ್ನು ಆಡುವುದಿಲ್ಲ ಎಂದು ಅವಳು ಹೇಳಿಯಾಗಿತ್ತಂತೆ.

"ಇದೊಂದು ಮುಗೀಲಿ. ಕಾರಿನವನು ಕಾಯ್ಲಿ" ಎಂದಳು ತಂಗಿ. ಅವಳನ್ನು ದಿಂಬಿಗೆ ಒರಗಿಸಿ ಟಿವಿಯ ಮುಂದೆ ಕೂರಿಸಿದೆ. ಅವಳು ದನಿ ತಗ್ಗಿಸಿದಳು.

"ನಿನ್ನ ಮನೆಗೆ ಬರೋಕೆ ನನಗೆ ಮನಸ್ಸಿಲ್ಲ ಕಣೇ ಅಕ್ಕ."

"ಮತ್ತೆ? ಆ ಮೆಟ್ಟಿಲಪ್ಪನ ಜೊತೆ ಬಾಳ್ತೀಯಾ?"

"ಅವರು ಒಂದು ಸಲ ತಾವಾಗೇ ಬಂದು ನನ್ನ ಪಕ್ಕ ಕೂತ್ರೆ ಇಲ್ಲೇ ಇರ್ತೀನಿ. ಇಲ್ಲದಿದ್ರೆ ಆಟ ಮುಗಿದ ತಕ್ಷಣ ಹೊರಡೋಣ. ಅವರಿಗೆ ಹೇಳಬೇಡ. ಹೇಳಿ ಕೂರಿಸಿದ್ರೆ ಅದು ಕೂತ ಹಾಗಲ್ಲ."

ನಾನು ಹೇಳುವವರ ಪೈಕಿಯಲ್ಲ.

ಪಂದ್ಯ ಶುರುವಾಯಿತು. ತಂಗಿ ಎಂದಿನಂತೆ ಕೂಗಿ ಹೇಳತೊಡಗಿದಳು. ಆದರೆ ಅಂಕಗಳು ಬರುವುದು ಪರದೆಯ ಎಡಮೂಲೆಯಲ್ಲಿ. ಅದು ಅವಳ ಪಾಲಿಗೆ ಇಲ್ಲ. ಚೆಂಡು ಬಲಕ್ಕೆ ಬಂದರೆ ಉಂಟು, ಎಡಕ್ಕೆ ಹೋದರೆ ಮಾಯ. ಅಂಕಣದ ಅರ್ಧ ನೋಡಿ, ಉಳಿದರ್ಧವನ್ನು ಊಹಿಸಿ ಹೇಳುತ್ತಿದ್ದಳು. ನಾನು ಸಹಾಯಕ್ಕೆ ಹೋದೆ. ಸೊನ್ನೆ ಆದ ಮೇಲೆ ಹದಿನೈದು ಯಾಕೆ ಬರುತ್ತದೆಂದು ತಿಳಿಯದೆ ಅವಳ ತಲೆ ಇನ್ನಷ್ಟು ಕೆಡಿಸಿದೆ.

"ನೀನು ಬಾಯಿ ಮುಚ್ಕೊಂಡಿದ್ರೆ ದೊಡ್ಡ ಉಪಕಾರ" ಎಂದಳು. ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವಳು ನಾನು; ಬಾಯಿ ಮುಚ್ಚಿಕೊಂಡೆ.

"ಔಟ್!" ಎಂದು ಕೂಗಿದಳು. ಅದೇ ಗಳಿಗೆಗೆ ಕೆಳಗೆ ದರ್ಜಿಯಾಕೆಯ ಟಿವಿಯಿಂದ ಚಪ್ಪಾಳೆಯ ಹೊಳೆ ಹರಿಯಿತು. "ಮೂವತ್ತು ಹದಿನೈದು, ನಮ್ಮೋಳು ಮುಂದೆ!" ಎಂದಳು. ಕೆಳಗಿನಿಂದ ದರ್ಜಿಯಾಕೆ, "ಥೂ, ಹೋಯ್ತು!" ಎಂದದ್ದು ನಮಗೆಲ್ಲ ಕೇಳಿಸಿತು. ಮೆಟ್ಟಿಲ ಮೇಲಿದ್ದವನಿಗೆ ಎರಡೂ ಕಿವಿಗೆ ಎರಡು ಪಂದ್ಯ.

ಮೊದಮೊದಲು ಅವನು "ಹೌದಾ?" ಎಂದು ಕೇಳುತ್ತಿದ್ದ. ಆಮೇಲೆ ಕೇಳುವುದು ನಿಂತಿತು. ತಂಗಿ ಮಾತ್ರ ನಿಲ್ಲಿಸಲಿಲ್ಲ. ಗಂಟಲು ಒಣಗಿತ್ತು, ಹಣೆಯಲ್ಲಿ ಬೆವರು. "ಸಾಕು ಬಿಡೇ" ಎಂದೆ. "ಅವರು ಕಾಯ್ತಾ ಇರ್ತಾರೆ" ಎಂದಳು. ಕೆಳಗೆ ಕಾರಿನವನು ಒಮ್ಮೆ ಹಾರ್ನ್ ಒತ್ತಿದ.

ಕೊನೆಯ ಸೆಟ್. ಎಡಗೈ ಕಾಲೆಳೆದು ಓಡುತ್ತಿದ್ದುದು ನನ್ನಂಥವಳಿಗೂ ಕಾಣುತ್ತಿತ್ತು. ತಂಗಿ, "ಎಷ್ಟು... ತಾಳಿ, ಎಷ್ಟಾಯ್ತು ಅಂದ್ರೆ..." ಎಂದು ತಡವರಿಸಿ ನಿಂತಳು. ಇಷ್ಟು ವರ್ಷದಲ್ಲಿ ಮೊದಲ ಬಾರಿಗೆ ಅವಳ ಹತ್ತಿರ ಅಂಕ ಇರಲಿಲ್ಲ.

ಬಾಗಿಲಲ್ಲಿ ಚಪ್ಪಲಿ ಕಳಚಿದ ಸದ್ದಾಯಿತು. ಅವನು ಒಳಗೆ ಬಂದ. ನೀರಿಗೆ ಬಂದಿರಬೇಕೆಂದುಕೊಂಡೆ. ಅಡುಗೆಮನೆಯಿಂದ ಸ್ಟೂಲು ತಂದು ಅವಳ ಎಡಗಡೆ ಇಟ್ಟುಕೊಂಡು ಕೂತ. ಬಚ್ಚಿಟ್ಟುಕೊಳ್ಳುವ ಜಾಗವೇ ಅದು ಎಂದು ನನಗನ್ನಿಸಿತು. ಆದರೆ ಅವನು ತಲೆಯೆತ್ತಿ ಪರದೆ ನೋಡಿದ. ದೀಪದ ಹಲಗೆಯ ಮುಂದೆ ಹೇಗೆ ಕೂರುತ್ತಾನೋ ಹಾಗೆ, ಕೈಗಳನ್ನು ಮಂಡಿಯ ಮೇಲಿಟ್ಟು.

"ಮೂವತ್ತು ನಲವತ್ತು" ಎಂದ. "ನಮ್ಮೋಳು ಹಿಂದೆ."

ತಂಗಿ ಬೆಚ್ಚಿದಳು. ಅವಳಿಗೆ ಅವನು ಕಾಣುತ್ತಿರಲಿಲ್ಲ, ದನಿ ಮಾತ್ರ.

"ರೀ, ಎಲ್ಲಿದೀರಿ? ಹೊರಗೆ ಹೋಗಿ. ನೀವು ನೋಡಿದ್ರೆ ಸೋಲ್ತಾಳೆ ಕಣ್ರೀ."

"ಸೋಲಲಿ ಬಿಡು."

ಅವನಿಗೆ ಅದು ಬರೀ ಮಾತಲ್ಲ. ತಾನು ಕೂತಲ್ಲಿಂದ ಎಡಗೈಯ ಕೊನೆಯ ಪಂದ್ಯವನ್ನು ಕಳೆಯುತ್ತಿದ್ದೇನೆಂದೇ ಅವನು ನಂಬಿದ್ದ.

"ಎಡಗಡೆ ಮೂಲೆಗೆ... ಗೆರೆ ಮೇಲೆ. ಒಳಗೆ. ಈಗ ನಿನ್ನ ಕಡೆ ಬಂತು, ನೋಡ್ಕೋ."

"ಕಂಡ್ತು. ಹೊಡೆದ್ಲು. ಮತ್ತೆ ಹೋಯ್ತು."

"ನನ್ನ ಹತ್ರ ಇದೆ. ಮುಟ್ಟಿದ್ಲು. ಎತ್ತರಕ್ಕೆ... ಬಂತು ನಿನಗೆ."

ಹೀಗೆ ಒಂದು ಚೆಂಡನ್ನು ಇಬ್ಬರೂ ಹಂಚಿಕೊಂಡು ನೋಡಿದರು. ಕಾರಿನವನು ಮತ್ತೆ ಹಾರ್ನ್ ಒತ್ತಿದ. ತಂಗಿ ಕತ್ತು ತಿರುಗಿಸದೆ, "ಅಕ್ಕ, ಅವನನ್ನ ಕಳಿಸಿಬಿಡೇ" ಎಂದಳು. ಅವಳ ಗಂಡ ಯಾರನ್ನು, ಯಾಕೆ ಎಂದು ಕೇಳಲಿಲ್ಲ. ಚೆಂಡು ಅವನ ಕಡೆ ಇತ್ತು. ನಾನು ಕಿಟಕಿಯಿಂದ ಬಗ್ಗಿ ಕೈಬೀಸಿ ಹೋಗೆಂದು ಹೇಳಿದೆ.

ಎಡಗೈ ಸೋತಳು. ಕೊನೆಯ ಚೆಂಡು ನೆಟ್ಟಿಗೆ ಬಡಿದು ಅವಳ ಕಡೆಯೇ ಬಿತ್ತು. ಅವನ ಮುಖದಲ್ಲಿ ರಕ್ತವೇ ಇರಲಿಲ್ಲ. ಇನ್ನು ಎದ್ದು ಹೋಗುತ್ತಾನೆ ಎಂದುಕೊಂಡೆ. ಎದುರಾಳಿಯ ಕೈಕುಲುಕಿ ಬಂದ ಎಡಗೈ ಈಗ ಪರದೆಯ ಎಡಗಡೆಯ ಬೆಂಚಿನ ಮೇಲೆ ಒಬ್ಬಳೇ ಕೂತಿದ್ದಳು. ತಂಗಿಗೆ ಬರೀ ಖಾಲಿ ಅಂಕಣ.

"ಎಲ್ಲಿದಾಳೆ? ಅಳ್ತಿದಾಳಾ?"

ಅವನು ಮುಖ ತಿರುಗಿಸಲಿಲ್ಲ. ಸ್ಟೂಲನ್ನು ಇನ್ನಷ್ಟು ಮುಂದಕ್ಕೆ ಜರುಗಿಸಿ, ಕೆಂಪಡರಿದ ಕಣ್ಣುಗಳನ್ನು ಕಿರಿದು ಮಾಡಿ ನೋಡಿದ.

"ಹೌದು, ಅಳ್ತಿದಾಳೆ" ಎಂದ. "ಅಳ್ತಾ ತಂತಿ ಸರಿಮಾಡ್ಕೊಳ್ತಿದಾಳೆ."